ಉಬ್ಬಸದ ಮಗುವೂ ಮನೆಯ ಸ್ಥಿತಿಗತಿಯೂ

ಶಿಶುವಿನ ಆರೋಗ್ಯವು ತಾಯಿಯ ಕೈಯಲ್ಲಿರುವುದೆಂಬ ಮಾತು ಹೆಣ್ಣುಮಕ್ಕಳ ಶಾಲೆಗಳಲ್ಲಿ ಬಹು ಕಾಲದಿಂದ ಬೋಧಿಸಲ್ಪಡುತ್ತ ಬಂದಿದೆ. ಗೃಹಕೃತ್ಯದ ಪಾಠಗಳಲ್ಲಿಯೂ ಬಹುಮಾನ ವಿನಿಯೋಗದ ಉಪನ್ಯಾಸಗಳಲ್ಲಿಯೂ ನಾವೆಲ್ಲರೂ ಇದನ್ನು ಕೇಳಿಯೇ ಬೆಳೆದವರು. ಈ ಮಾತು ಸುಳ್ಳಲ್ಲ. ಆದರೆ ಇದು ಅರ್ಧ ಸತ್ಯ. ತಾಯಿಯ ಕೈ ಎಷ್ಟೇ ಜಾಣ್ಮೆಯುಳ್ಳದ್ದಾದರೂ, ಆ ಕೈ ಕೆಲಸಮಾಡುವುದು ಮನೆಯ ವರಮಾನವು ಕಟ್ಟಿಕೊಟ್ಟ ನಾಲ್ಕು ಗೋಡೆಗಳ ಒಳಗೆ. ಗೋಡೆ ಒದ್ದೆಯಾಗಿದ್ದರೆ, ಒಲೆಯ ಹೊಗೆಗೆ ದಾರಿಯಿಲ್ಲದಿದ್ದರೆ, ಔಷಧಕ್ಕೆ ಕಾಸಿಲ್ಲದಿದ್ದರೆ, ತಾಯಿಯೊಬ್ಬಳನ್ನೇ ಹೊಣೆಮಾಡುವುದು ನ್ಯಾಯವಲ್ಲ. ಈ ವಿಷಯವನ್ನು ಎಳೆಯ ಮಕ್ಕಳನ್ನು ಕಾಡುವ ಒಂದು ಜಾತಿಯ ವ್ಯಾಧಿಗಳ ಮೂಲಕ ಪರಿಶೀಲಿಸಬೇಕೆಂದು ನಾವು ಬಯಸುತ್ತೇವೆ. ಅವೇ ಅಲರ್ಜಿಯೆಂಬ ಒಂದೇ ಹೆಸರಿನಲ್ಲಿ ಸೇರುವ ಉಬ್ಬಸ, ಇಸಬು, ಎಡೆಬಿಡದ ಸೀನು ಮತ್ತು ನೆಗಡಿ.

ಅಲರ್ಜಿಯೆಂಬ ಶಬ್ದವನ್ನು 1906ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯರಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬವರು ಬಳಕೆಗೆ ತಂದರು. ದೇಹಕ್ಕೆ ಸ್ವಭಾವಸಿದ್ಧವಾದ ಒಂದು ರಕ್ಷಣಾಶಕ್ತಿಯುಂಟು. ರೋಗಾಣುಗಳನ್ನು ಎದುರಿಸುವುದೇ ಅದರ ಕರ್ತವ್ಯ. ಈ ಶಕ್ತಿಯು ಕೆಲವರಲ್ಲಿ ಹೂವಿನ ಪರಾಗ, ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿ, ಜಿರಲೆಯ ಹಿಕ್ಕೆ, ಇಲ್ಲವೆ ಯಾವುದೋ ಒಂದು ಆಹಾರ, ಇಂತಹ ನಿರಪರಾಧಿ ವಸ್ತುಗಳನ್ನೇ ಶತ್ರುವೆಂದು ಭ್ರಮಿಸಿ ಯುದ್ಧಕ್ಕೆ ನಿಲ್ಲುತ್ತದೆ. ಆ ಯುದ್ಧದ ಗಾಯಗಳೇ ಮಗುವಿನ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ ಇಸಬಾಗಿ, ಮೂಗಿನಲ್ಲಿ ನೆಗಡಿಯಾಗಿ, ಎದೆಯಲ್ಲಿ ಗೊರಗೊರ ಶಬ್ದವಾಗಿ ಕಾಣಿಸಿಕೊಳ್ಳುವವು. ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಗೂರಲು, ದಮ್ಮು, ಉಬ್ಬಸ ಎಂದು ಹೆಸರುಗಳುಂಟು. ಮಗು ಚಿಕ್ಕದಾಗಿದ್ದರೆ ಮಾತ್ರ ಯಾರೂ ಆ ಹೆಸರನ್ನೆತ್ತುವುದಿಲ್ಲ. “ಸ್ವಲ್ಪ ಶೀತ, ಕಫ ಕಟ್ಟಿದೆ” ಎಂದು ಹೇಳಿ ಸುಮ್ಮನಾಗುವುದೇ ವಾಡಿಕೆ.

ಅಲರ್ಜಿಯು ಶ್ರೀಮಂತರ ಮಕ್ಕಳ ಕಾಯಿಲೆ, ಮಣ್ಣಿನಲ್ಲಿ ಆಡಿ ಬೆಳೆದ ಬಡವರ ಮಕ್ಕಳಿಗೆ ಅದು ತಟ್ಟದು ಎಂಬ ಅಭಿಪ್ರಾಯವೊಂದು ವಿದ್ಯಾವಂತರಲ್ಲಿಯೂ ಪ್ರಚಾರದಲ್ಲಿದೆ. ಈ ಅಭಿಪ್ರಾಯಕ್ಕೆ ಆಧಾರವಿಲ್ಲವೆಂದು ಹೇಳಲಾಗದು. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಹದಿನೇಳು ಸಾವಿರಕ್ಕೂ ಮಿಕ್ಕ ಮಕ್ಕಳ ವೃತ್ತಾಂತವನ್ನು ಪರಿಶೀಲಿಸಿ, ಅಕ್ಕ ಅಣ್ಣಂದಿರು ಹೆಚ್ಚಾಗಿದ್ದಷ್ಟೂ ಮಗುವಿಗೆ ಪರಾಗದ ನೆಗಡಿಯು ಕಡಿಮೆಯೆಂದು ಡೇವಿಡ್ ಸ್ಟ್ರಾಚನ್ ಎಂಬ ವಿದ್ವಾಂಸರು 1989ರಲ್ಲಿ ತೋರಿಸಿದರು. ಜರ್ಮನಿಯು ಒಂದಾದ ಮೇಲೆ ಎರಿಕಾ ಫಾನ್ ಮುಟಿಯಸ್ ಎಂಬ ವೈದ್ಯೆಯು ಪೂರ್ವದ ಲೈಪ್ಸಿಗ್ ಮತ್ತು ಪಶ್ಚಿಮದ ಮ್ಯೂನಿಕ್ ನಗರಗಳ ಮಕ್ಕಳನ್ನು ಹೋಲಿಸಿದರು. ಹೊಗೆ ಹೆಚ್ಚಾಗಿದ್ದುದು ಲೈಪ್ಸಿಗ್‌ನಲ್ಲಿ. ಅಲರ್ಜಿ ಹೆಚ್ಚಾಗಿದ್ದುದು ಅನುಕೂಲಸ್ಥವಾದ ಮ್ಯೂನಿಕ್‌ನಲ್ಲಿ. ಅಮೆರಿಕದಲ್ಲಿ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕ್ರೈಸ್ತ ಒಕ್ಕಲಿಗ ಪಂಗಡಗಳುಂಟು. ಒಂದೇ ಬಗೆಯ ವಂಶ, ಒಂದೇ ಬಗೆಯ ಆಹಾರ. ಆದರೂ 2016ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹಟರೈಟರ ಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಉಬ್ಬಸವಿದ್ದರೆ, ಆಮಿಶರ ಮಕ್ಕಳಲ್ಲಿ ಕೇವಲ 5 ಮಂದಿಗೆ. ಆಮಿಶರ ದನದ ಕೊಟ್ಟಿಗೆಯು ಮನೆಗೆ ಅಂಟಿಕೊಂಡಿರುವುದು. ಅಲ್ಲಿ ಇನ್ನೂ ಕುದುರೆಯ ಬೇಸಾಯವೇ. ಹಟರೈಟರದು ಯಂತ್ರದ ಬೇಸಾಯ. ಮಕ್ಕಳು ಕೊಟ್ಟಿಗೆಯಿಂದ ದೂರ. ಎಳವೆಯಲ್ಲಿ ಮಣ್ಣು, ದನಕರು, ಒಡಹುಟ್ಟಿದವರು, ಇವುಗಳ ಸಹವಾಸದಿಂದ ದೇಹದ ರಕ್ಷಣಾಶಕ್ತಿಯು ಶತ್ರುಮಿತ್ರರ ಭೇದವನ್ನು ಕಲಿಯುವುದೆಂದು ವಿದ್ವಾಂಸರು ಇದರಿಂದ ಊಹಿಸುತ್ತಾರೆ.

ಇದನ್ನು ಓದಿದವರು, “ಹಾಗಾದರೆ ಬಡವರ ಮಕ್ಕಳು ಭಾಗ್ಯವಂತರು” ಎಂದು ನಿರ್ಧರಿಸಿಬಿಡುವುದುಂಟು. ಈ ನಿರ್ಧಾರವು ಅವಸರದ್ದು ಎಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಊರಿನಿಂದ ರೈಲಿನಲ್ಲಿ ಎರಡು ಮೂರು ಗಂಟೆಗಳ ಹಾದಿಯಾದ ಬೆಂಗಳೂರಿನಲ್ಲಿ ಮಕ್ಕಳ ವೈದ್ಯರಾದ ಡಾಕ್ಟರ್ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವನ್ನು ಇಪ್ಪತ್ತು ವರ್ಷಗಳ ಕಾಲ ಇಟ್ಟರು. 1979ರಲ್ಲಿ ಆ ಮಕ್ಕಳಲ್ಲಿ ಉಬ್ಬಸವುಳ್ಳವರು ನೂರಕ್ಕೆ 9 ಮಂದಿ, 1999ರಲ್ಲಿ 29.5. ಬಳಿಕ ಅವರು ಹನ್ನೆರಡು ಶಾಲೆಗಳ ಆರು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಪರೀಕ್ಷಿಸಿದರು. ವಾಹನಸಂಚಾರ ಕಡಿಮೆಯಿರುವ ಪ್ರದೇಶದ ಶಾಲೆಗಳಲ್ಲಿ ಉಬ್ಬಸವು ನೂರಕ್ಕೆ 11.15, ಸಂಚಾರ ಹೆಚ್ಚಾಗಿರುವಲ್ಲಿ 19.34, ಸಂಚಾರವೂ ಹೆಚ್ಚಾಗಿದ್ದು ಮಕ್ಕಳು ಬಡಕುಟುಂಬದವರೂ ಆಗಿರುವಲ್ಲಿ 31.14. ವಾಚಕರು ಈ ಕೊನೆಯ ಎರಡು ಅಂಕೆಗಳನ್ನು ಮತ್ತೊಮ್ಮೆ ನೋಡಬೇಕು. ರಸ್ತೆಯ ಹೊಗೆ ಎರಡೂ ಕಡೆ ಇತ್ತು. ಎರಡನೆಯ ಕಡೆಗೆ ಬಡತನವು ಸೇರಿತು. ಕಾಯಿಲೆಯು ಒಂದೂವರೆ ಪಾಲಿಗಿಂತ ಹೆಚ್ಚಾಯಿತು.

ಇದರ ಮರ್ಮವೇನು? ಆಮಿಶರ ಕೊಟ್ಟಿಗೆಯ ಧೂಳು ಬೇರೆ, ನಮ್ಮ ಪಟ್ಟಣದ ಬಡವರ ಮನೆಯ ಧೂಳು ಬೇರೆ. ಹಳ್ಳಿಯ ದನಕರುಗಳನ್ನು ಬಿಟ್ಟುಬಂದವರಿಗೆ ಹಳ್ಳಿಯ ರಕ್ಷೆಯು ತಪ್ಪಿತು. ಪಟ್ಟಣದ ಗಾಳಿ ಬೆಳಕಿನ ಮನೆಯೂ ದೊರೆಯಲಿಲ್ಲ. ಗಣಿಯ ಸಾಲುಮನೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದು ಕೋಣೆ, ಅದರ ಮುಂದೊಂದು ಮೋಟು ಜಗಲಿ. ಅದೇ ಕೋಣೆಯಲ್ಲಿ ಅಡಿಗೆ, ಅದೇ ಕೋಣೆಯಲ್ಲಿ ಐದಾರು ಮಂದಿಯ ಮಲಗು. ಬಿಸಿಲಿಗೆ ಹಾಕಲು ಅಂಗಳವಿಲ್ಲದ ಹಾಸಿಗೆಯಲ್ಲಿ ನುಸಿ. ಗೋಡೆಯ ಬಿರುಕಿನಲ್ಲಿ ಜಿರಲೆ. ಮಳೆಗಾಲದಲ್ಲಿ ತಗಡಿನ ಕೆಳಗೆ ಬೂಸರು. ಅಮೆರಿಕದ ಮಹಾನಗರಗಳ ಬಡಕೇರಿಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಜಿರಲೆಯ ಅಲರ್ಜಿಯಿದ್ದು ಜಿರಲೆಯ ನಡುವೆಯೇ ಮಲಗುವ ಮಕ್ಕಳು ಉಬ್ಬಸದಿಂದ ಆಸ್ಪತ್ರೆ ಸೇರುವುದು ಉಳಿದ ಮಕ್ಕಳಿಗಿಂತ ಬಹಳ ಹೆಚ್ಚೆಂದು ಕಂಡುಬಂದಿತು. ಜಿರಲೆಗೆ ಕೋಲಾರವೂ ಒಂದೇ, ಷಿಕಾಗೋ ನಗರವೂ ಒಂದೇ.

ಹೊಗೆಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ತೊಂಬತ್ತು ಮೈಲುಗಳನ್ನು ದಾಟಿ ಮೊದಲು ಬಂದುದು ನಮ್ಮ ಚಿನ್ನದ ಗಣಿಗೆ. ಬೆಂಗಳೂರಿಗೂ ಅದು ಬಳಿಕ. ಇದು ನಮ್ಮವರೆಲ್ಲರೂ ಹೆಮ್ಮೆಯಿಂದ ಹೇಳುವ ಮಾತು. ಆದರೆ ಆ ಶಕ್ತಿಯು ಗಣಿಯ ಯಂತ್ರವನ್ನು ತಿರುಗಿಸಿತೇ ಹೊರತು, ಕೂಲಿಯವನ ಮನೆಯ ಒಲೆಯಿಂದ ಸೌದೆಯನ್ನು ತೆಗೆಯಲಿಲ್ಲ. 2016ರಲ್ಲಿ ಕೇಂದ್ರ ಸರ್ಕಾರದ ಉಜ್ವಲಾ ಯೋಜನೆಯು ಬಂದ ಮೇಲೆ ಅನೇಕ ಮನೆಗಳಿಗೆ ಅನಿಲದ ಒಲೆ ಬಂದಿರುವುದು ಸಂತೋಷದ ಸಂಗತಿ. ಆದರೂ ಸಿಲಿಂಡರ್ ಮುಗಿದ ತಿಂಗಳಿನ ಕೊನೆಯ ವಾರದಲ್ಲಿ ಮತ್ತೆ ಜಾಲಿಯ ಸೌದೆಯನ್ನೇ ಉರಿಸುವ ಮನೆಗಳು ಇಲ್ಲವೆನ್ನುವವರು ಯಾರು? ಇದರ ಮೇಲೆ ತಂದೆಯ ಬೀಡಿಯ ಹೊಗೆ, ರಾತ್ರಿ ಸೊಳ್ಳೆಬತ್ತಿಯ ಹೊಗೆ. ಎಣ್ಣೆನೀರಿನ ಬಳಿಕ ಹಸುಗೂಸಿಗೆ ಸಾಂಬ್ರಾಣಿಯ ಹೊಗೆ ಹಿಡಿಯುವ ನಮ್ಮ ಪದ್ಧತಿಯನ್ನೂ ಇದೇ ಪಂಕ್ತಿಯಲ್ಲಿ ನಿಲ್ಲಿಸಬೇಕಾಗಿದೆ. ಅಜ್ಜಿಯರ ಪ್ರೀತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಗೆಯು ಪರಿಮಳದ್ದಾದರೂ ಕೂಸಿನ ಎದೆಗೆ ಅದು ಹೊಗೆಯೇ.

ನಮ್ಮ ಊರಿಗೇ ವಿಶೇಷವಾದ ಇನ್ನೊಂದು ಧೂಳುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಿಂದ ಚಿನ್ನವನ್ನು ತೆಗೆದುಕೊಂಡು, ಉಳಿದ ಪುಡಿಯನ್ನು ಗುಡ್ಡೆಹಾಕುತ್ತ ಬಂದರು. ಆ ದಿಬ್ಬಗಳು 13. ಅವು ಹಬ್ಬಿರುವ ನೆಲ ಸುಮಾರು 1,003 ಎಕರೆ. ಅವುಗಳಲ್ಲಿರುವ ಪುಡಿ ಸುಮಾರು 3 ಕೋಟಿ 30 ಲಕ್ಷ ಟನ್ನು. ಬೇಸಿಗೆಯ ಗಾಳಿ ಎದ್ದರೆ ಆ ಬಿಳಿಯ ಪುಡಿಯು ಬಾಗಿಲಿನ ಸಂದಿನಲ್ಲಿ, ಅನ್ನದ ತಟ್ಟೆಯಲ್ಲಿ, ಮಗುವಿನ ರೆಪ್ಪೆಯ ಮೇಲೆ ಕೂರುವುದನ್ನು ಆಂಡರ್ಸನ್‌ಪೇಟೆಯವರಿಗೂ ಮಾರಿಕುಪ್ಪಂನವರಿಗೂ ಹೇಳಿಕೊಡಬೇಕಾದುದಿಲ್ಲ. ಇಲ್ಲಿ ಒಂದು ವಿವೇಕ ಅವಶ್ಯಕ. ಕಲ್ಲಿನ ಪುಡಿಯು ಅಲರ್ಜಿಯನ್ನು ಹುಟ್ಟಿಸುವ ವಸ್ತುವಲ್ಲ. ಗಣಿಯೊಳಗೆ ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಬರುವ ಸಿಲಿಕೋಸಿಸ್ ಬೇರೆಯೇ ರೋಗ. 1940ರಿಂದ 1946ರ ವರೆಗೆ ಇಲ್ಲಿ ಪರೀಕ್ಷಿಸಲ್ಪಟ್ಟ 7,000ಕ್ಕೂ ಮಿಕ್ಕ ಕಾರ್ಮಿಕರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಅದು ತಗಲಿತ್ತು. ಆದರೆ ಮೊದಲೇ ಕೆರಳಿರುವ ಮಗುವಿನ ಶ್ವಾಸನಾಳಕ್ಕೆ ಯಾವ ಧೂಳಾದರೂ ಉರಿಯುವ ಗಾಯದ ಮೇಲಿನ ಉಪ್ಪು. ದಿಬ್ಬಕ್ಕೆ ಸಮೀಪದಲ್ಲಿರುವವರು ಯಾರು? ದೂರದಲ್ಲಿ ಮನೆ ಹಿಡಿಯಲು ಶಕ್ತಿಯಿಲ್ಲದವರೇ. ಒಂದೇ ಗಾಳಿ ಬೀಸಿದರೂ ಅದು ಎಲ್ಲರ ಮನೆಗೂ ಒಂದೇ ಪ್ರಮಾಣದ ಧೂಳನ್ನು ತರುವುದಿಲ್ಲ.

ಈಗ ಔಷಧದ ಸಂಗತಿ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಕೂಲಿಯೊಡನೆ ಕಂಪೆನಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಅಂದಿನಿಂದ ನಮ್ಮ ಸಾವಿರಾರು ಮಂದಿ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಮಗುವು ಅಜ್ಜಿಯ ಬಳಿ. ರಾತ್ರಿ ಎದೆ ಗೊರಗುಟ್ಟಿದರೆ ಬೆಳಿಗ್ಗೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಕರೆದೊಯ್ದರೆ ಆ ದಿನದ ಸಂಬಳವಿಲ್ಲ. ಆದುದರಿಂದ ಅಂಗಡಿಯಿಂದ ಕೆಮ್ಮಿನ ಸಿರಪ್ಪು ತಂದು ಕುಡಿಸುವರು. ತೀರ ಹೆಚ್ಚಾದರೆ ಒಂದು ಸೂಜಿ. ಮಗು ಸುಧಾರಿಸಿತು, ಕಾಯಿಲೆ ಹೋಯಿತೆಂದುಕೊಳ್ಳುವರು. ಹದಿನೈದು ದಿನಗಳಲ್ಲಿ ಅದು ಪುನಃ ಬರುವುದು. ಇದು ನಮ್ಮ ಊರಿನ ಅವಸ್ಥೆ ಮಾತ್ರವಲ್ಲ. ಮೈಸೂರೂ ಸೇರಿದಂತೆ ಭಾರತದ ಒಂಬತ್ತು ಸ್ಥಳಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಎದೆಯಲ್ಲಿ ಗೊರಗುಟ್ಟುವಿಕೆ ಇದ್ದವರಲ್ಲಿ ನೂರಕ್ಕೆ 82 ಮಂದಿಗೆ, ತೀವ್ರ ಲಕ್ಷಣಗಳಿದ್ದವರಲ್ಲಿಯೂ 70 ಮಂದಿಗೆ, ಇದು ಉಬ್ಬಸವೆಂದು ಯಾವ ವೈದ್ಯರೂ ಹೇಳಿರಲಿಲ್ಲ. ದಿನವೂ ತೆಗೆದುಕೊಳ್ಳಬೇಕಾದ ಎಳೆಯುವ ಮದ್ದನ್ನು ಬಳಸುತ್ತಿದ್ದವರು ನೂರಕ್ಕೆ 2.5ಕ್ಕೂ ಕಡಿಮೆ.

ಇನ್ಹೇಲರ್ ಎಂಬ ಈ ಎಳೆಯುವ ಮದ್ದಿನ ಮೇಲೆ ನಮ್ಮ ಜನರಿಗೆ ವಿಚಿತ್ರವಾದ ಭೀತಿಯುಂಟು. ಒಮ್ಮೆ ಹಿಡಿದರೆ ಬಿಡಲಾಗದೆಂದೂ, ಅದು ಕೊನೆಯ ಹಂತದವರ ಔಷಧವೆಂದೂ ನಂಬುತ್ತಾರೆ. ವಾಸ್ತವವು ಇದಕ್ಕೆ ತದ್ವಿರುದ್ಧ. ನುಂಗುವ ಔಷಧವು ಮೈಯೆಲ್ಲ ಹರಡುವುದು; ಎಳೆಯುವ ಔಷಧವು ಅತಿ ಕಡಿಮೆ ಪ್ರಮಾಣದಲ್ಲಿ ಬೇಕಾದಲ್ಲಿಗೇ ತಲಪುವುದು. ಇದರಲ್ಲಿ ಎರಡು ಬಗೆಯುಂಟೆಂಬುದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಬೇಕು: ಉಸಿರು ಕಟ್ಟಿದಾಗ ಕೂಡಲೆ ಬಿಡಿಸುವುದೊಂದು, ಕಟ್ಟದಂತೆ ದಿನವೂ ಕಾಯುವುದೊಂದು. ಮೊದಲನೆಯದನ್ನೇ ಬಳಸಿ ಎರಡನೆಯದನ್ನು ಬಿಡುವುದು, ಸೋರುವ ಮಾಡನ್ನು ಸರಿಪಡಿಸದೆ ಪಾತ್ರೆಯಿಟ್ಟು ನೀರು ಹಿಡಿದಂತೆ. ಚಿಕ್ಕ ಮಕ್ಕಳಿಗೆ ಮದ್ದು ಎಳೆಯಲು ಸ್ಪೇಸರ್ ಎಂಬ ಕೊಳವೆ ಬೇಕು. ಅದನ್ನು ಕೊಳ್ಳಲಾಗದವರಿಗಾಗಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರ್ ಹಿಡಿಸುವಷ್ಟು ರಂಧ್ರಮಾಡಿ, ಸಂದನ್ನು ಅಂಟಿನಿಂದ ಮುಚ್ಚಿ ಪರೀಕ್ಷಿಸಿದರು; ಅದು ಅಂಗಡಿಯ ಕೊಳವೆಯಷ್ಟೇ ಕೆಲಸಮಾಡಿತೆಂದು 1999ರಲ್ಲಿ ಪ್ರಕಟಿಸಿದರು. ಮೃಗಶಿರಾ ಮಳೆಯ ದಿನ ಜೀವಂತ ಮೀನು ನುಂಗಿಸಲೆಂದು ಸಾಲಮಾಡಿ ಹೈದರಾಬಾದಿಗೆ ಮಕ್ಕಳನ್ನು ಕರೆದೊಯ್ಯುವವರು ಈ ಬಾಟಲಿಯ ಸಂಗತಿಯನ್ನು ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಆಹಾರದ ವಿಷಯದಲ್ಲಿ ಬಡವರೂ ಅನುಕೂಲಸ್ಥರೂ ಒಂದೇ ತಪ್ಪನ್ನು ಮಾಡುತ್ತಾರೆ. ಆದರೆ ಅದರ ಫಲವು ಬೇರೆ ಬೇರೆ. ಮಗುವಿಗೆ ಕೆಮ್ಮು ಬಂದೊಡನೆ ಬಾಳೆಹಣ್ಣು, ಮೊಸರು, ಕಿತ್ತಳೆ, ಮೊಟ್ಟೆ ಎಲ್ಲವನ್ನೂ ನಿಲ್ಲಿಸುವರು. ಹಣವಿದ್ದವರು ರಕ್ತಪರೀಕ್ಷೆ ಮಾಡಿಸಿ, ಹತ್ತಾರು ಆಹಾರಗಳ ಪಟ್ಟಿಯನ್ನು ಗೋಡೆಗೆ ಅಂಟಿಸುವರು. ಬೆಂಗಳೂರು ಮೈಸೂರುಗಳ ವಯಸ್ಕರನ್ನು ಕುರಿತು 2016ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಚಿಹ್ನೆ ಕಂಡವರು ನೂರಕ್ಕೆ 26.5 ಮಂದಿ, ನಿಜವಾಗಿ ಆಹಾರದ ಅಲರ್ಜಿಯಿರುವ ಸಂಭವವಿದ್ದವರು ಕೇವಲ 1.2 ಮಂದಿ. ಪರೀಕ್ಷೆಯ ಕಾಗದವು ಮಗುವಲ್ಲ. ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಲರ್ಜಿಯ ಅಪಾಯವಿದ್ದ ಶಿಶುಗಳಿಗೆ ವೈದ್ಯರ ಮೇಲ್ವಿಚಾರಣೆಯಲ್ಲಿ ಕಡಲೆಕಾಯಿಯನ್ನು ಬೇಗನೆ ತಿನ್ನಿಸಿದಾಗ ಅದರ ಅಲರ್ಜಿಯು ಐದರಲ್ಲಿ ನಾಲ್ಕು ಪಾಲು ಕಡಿಮೆಯಾಯಿತು. ಶ್ರೀಮಂತರ ಮಗುವಿಗೆ ಮೊಟ್ಟೆ ನಿಂತರೆ ಬಾದಾಮಿ ಬರುವುದು. ಬಡವರ ಮಗುವಿಗೆ ಮೊಟ್ಟೆ ನಿಂತರೆ ಅದರ ಜಾಗದಲ್ಲಿ ಬರುವುದು ಏನೂ ಇಲ್ಲ. ತಿಂದೊಡನೆ ದದ್ದು, ಊತ, ವಾಂತಿ, ಉಸಿರುಕಟ್ಟು ಕಂಡರೆ ಮಾತ್ರ ಆ ಒಂದು ಪದಾರ್ಥವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬರಿಯ ಸಂಶಯದಿಂದ ಬೆಳೆಯುವ ಮಗುವಿನ ತಟ್ಟೆಯನ್ನು ಬರಿದುಮಾಡಬಾರದು.

ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಬರೆಯುವಾಗ ಇನ್ನೊಂದು ಸಂಗತಿಯನ್ನು ಮರೆಮಾಚುವುದು ನಮಗೆ ಸಾಧ್ಯವಿಲ್ಲ. ಗಂಡುಮಗುವಿಗೆ ಉಬ್ಬಸವೆಂದರೆ ಮನೆಯವರು ಆಸ್ಪತ್ರೆಯನ್ನು ಹುಡುಕುತ್ತಾರೆ. ಹೆಣ್ಣುಮಗುವಿಗೆ ಉಬ್ಬಸವೆಂದರೆ ಬಾಗಿಲು ಮುಚ್ಚುತ್ತಾರೆ. ಮುಂದೆ ವರ ಸಿಕ್ಕುವುದಿಲ್ಲವೆಂಬ ಭಯದಿಂದ ಐದು ವರ್ಷದ ಕೂಸಿನ ಕಾಯಿಲೆಯನ್ನೂ ನೆರೆಯವರಿಗೆ, ಉಪಾಧ್ಯಾಯಿನಿಗೆ, ಕೆಲವು ವೇಳೆ ವೈದ್ಯರಿಗೂ ತಿಳಿಸದೆ ಬಚ್ಚಿಡುತ್ತಾರೆ. ಆ ಹುಡುಗಿಯು ತರಗತಿಯಲ್ಲಿ ಇನ್ಹೇಲರನ್ನು ಚೀಲದ ಅಡಿಯಲ್ಲಿ ಅಡಗಿಸಿಡುತ್ತಾಳೆ. ಆಟದ ವೇಳೆ ಕಾಲುನೋವೆಂದು ಸುಳ್ಳು ಹೇಳಿ ಕುಳಿತುಕೊಳ್ಳುತ್ತಾಳೆ. ಮನೆಯಲ್ಲಿ ಒಲೆಯ ಮುಂದೆ ಕೂರುವವಳೂ ಅವಳೇ. ಇದೇ ಭಯದ ಕೊನೆಯ ಫಲವಾಗಿ ಗಂಡನ ಮನೆಯಲ್ಲಿ ಉಸಿರು ಕಟ್ಟಿದಾಗ ಔಷಧವನ್ನು ಕೇಳಲು ನಾಚುತ್ತಾಳೆ. ಕಾಯಿಲೆಯು ಪಾಪವಲ್ಲ, ಶಾಪವಲ್ಲ. ಸರಿಯಾದ ಔಷಧದಿಂದ ಉಬ್ಬಸವುಳ್ಳ ಹುಡುಗಿಯು ಓಡಬಹುದು, ಹಾಡಬಹುದು, ಓದಿ ವೈದ್ಯೆಯಾಗಬಹುದು, ತಾಯಿಯಾಗಬಹುದು. ಇದನ್ನು ಧೈರ್ಯವಾಗಿ ಹೇಳಬೇಕಾದವರು ಈ ಶಾಲೆಯಲ್ಲಿ ಓದಿದವರಲ್ಲದೆ ಮತ್ತಾರು?

“ಇವೆಲ್ಲ ವೈದ್ಯರ ಕೆಲಸ, ಸರ್ಕಾರದ ಕೆಲಸ, ಶಾಲೆಗೇಕೆ?” ಎಂದು ಕೆಲವರು ಕೇಳಬಹುದು. ಮಿಷನ್ನಿನವರು ಈ ಜಿಲ್ಲೆಯಲ್ಲಿ ಶಾಲೆಯನ್ನೂ ಆಸ್ಪತ್ರೆಯನ್ನೂ ಎರಡು ಬೇರೆ ಕಾರ್ಯಗಳೆಂದು ಎಣಿಸಲಿಲ್ಲ. ಕೋಲಾರದಲ್ಲಿ ಮೆಥೊಡಿಸ್ಟ್ ಮಿಷನ್ನಿನ ಎಲೆನ್ ತೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯು 1910ರಲ್ಲಿ ಆರಂಭವಾದುದು ಇದೇ ದೃಷ್ಟಿಯಿಂದ. ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ಬಾಲ್ಯದಲ್ಲಿ ಕೇಳಿದವರಿಗೆ, ಗಾಯಗೊಂಡವನನ್ನು ಕಂಡು ದಾರಿಯ ಆಚೆಯ ಬದಿಯಿಂದ ನಡೆದುಹೋದವರು ಯಾರೆಂಬುದೂ ನೆನಪಿರಬೇಕು. ಅವರೂ ವಿದ್ಯಾವಂತರೇ ಆಗಿದ್ದರು.

ಆದುದರಿಂದ ನಮ್ಮ ಸೂಚನೆಗಳನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಮೊದಲನೆಯದಾಗಿ, ಹಳೆಯ ವಿದ್ಯಾರ್ಥಿನಿಯರ ಸಂಘದಿಂದ ಶಾಲೆಯಲ್ಲಿ ಒಂದು ಇನ್ಹೇಲರ್, ಒಂದು ಕೊಳವೆ, ಇವುಗಳನ್ನು ಬಳಸಬಲ್ಲ ಇಬ್ಬರು ಉಪಾಧ್ಯಾಯಿನಿಯರು, ಇಷ್ಟು ಏರ್ಪಾಡು ಆಗಬೇಕು. ಇದಕ್ಕೆ ತಗಲುವ ವೆಚ್ಚವು ವಾರ್ಷಿಕೋತ್ಸವದ ಹೂಮಾಲೆಗಳ ವೆಚ್ಚಕ್ಕಿಂತ ಹೆಚ್ಚಾಗದು. ಎರಡನೆಯದಾಗಿ, ಹಾಜರಿ ಪುಸ್ತಕವನ್ನು ದಂಡನೆಗಾಗಿ ಮಾತ್ರ ನೋಡದೆ, ತಿಂಗಳಿಗೆ ಮೂರು ನಾಲ್ಕು ಸಲ ಕೆಮ್ಮಿನಿಂದ ತಪ್ಪಿಸಿಕೊಳ್ಳುವ ಬಾಲಕಿಯರ ಪಟ್ಟಿಯನ್ನು ಮಾಡಿ, ತಾಯಿತಂದೆಯರನ್ನು ಗೌರವದಿಂದ ಕರೆಸಿ ಮಾತನಾಡಬೇಕು. ಮೂರನೆಯದಾಗಿ, ನೆಲವನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆಬಟ್ಟೆಯಿಂದ ಒರೆಸುವುದು, ಕರಿಹಲಗೆಯ ಬಟ್ಟೆಯನ್ನು ಹೊರಗೆ ಕೊಡವುವುದು, ಆವರಣದ ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲೇ ಕೀಳಿಸುವುದು ನಡೆಯಬೇಕು. ಕೀಳುವ ಕೆಲಸವನ್ನು ಮಾತ್ರ ಮಕ್ಕಳಿಂದ ಮಾಡಿಸಬಾರದು. ನಾಲ್ಕನೆಯದಾಗಿ, ಅನುಕೂಲವಿದ್ದ ಹಳೆಯ ವಿದ್ಯಾರ್ಥಿನಿಯರು ಒಬ್ಬೊಬ್ಬ ಬಡಬಾಲಕಿಯ ಒಂದು ವರ್ಷದ ಔಷಧದ ಹೊಣೆಯನ್ನು, ಹೆಸರನ್ನು ಪ್ರಕಟಿಸದೆ, ವಹಿಸಿಕೊಳ್ಳಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ದಿಬ್ಬಗಳ ಪುಡಿಯಿಂದ ಉಳಿದ ಚಿನ್ನವನ್ನು ತೆಗೆಯಲು 2024ರ ಜೂನ್ ತಿಂಗಳಿನಲ್ಲಿ ರಾಜ್ಯದ ಸಚಿವಸಂಪುಟವು ಸಮ್ಮತಿ ಕೊಟ್ಟಿತು. ಊರಿಗೆ ಕೆಲಸ ದೊರೆಯುವುದಾದರೆ ನಾವು ಯಾರೂ ಬೇಡವೆನ್ನುವುದಿಲ್ಲ; ಕೆಲಸವಿಲ್ಲದೆ ಮನೆಯ ಸ್ಥಿತಿಯು ಸುಧಾರಿಸದೆಂಬುದೇ ಈ ಲೇಖನದ ತಾತ್ಪರ್ಯವಲ್ಲವೇ? ಆದರೆ ನೂರು ವರ್ಷಗಳಿಂದ ಕುಳಿತ ಪುಡಿಯನ್ನು ಕೆದಕುವ ಮೊದಲು, ನೀರು ಚಿಮುಕಿಸುವ ಏರ್ಪಾಡು, ಸಾಗಿಸುವ ಲಾರಿಗಳಿಗೆ ಹೊದಿಕೆ, ಶಾಲೆಗಳ ಬಳಿ ಗಾಳಿಯ ಧೂಳನ್ನು ಅಳೆದು ಪ್ರತಿದಿನವೂ ಬಹಿರಂಗವಾಗಿ ತಿಳಿಸುವ ಯಂತ್ರ, ಸುತ್ತಲಿನ ಮಕ್ಕಳ ಎದೆಯ ಪರೀಕ್ಷೆ, ಇಷ್ಟೂ ಆಗಲೇಬೇಕೆಂದು ತಾಯಿತಂದೆಯರು ಬರವಣಿಗೆಯಲ್ಲಿ ಕೇಳಬೇಕು. ಅರ್ಜಿ ಬರೆಯುವ ವಿದ್ಯೆಯನ್ನು ಈ ಶಾಲೆಯು ನಮಗೆ ಕಲಿಸಿದೆ. ಆ ವಿದ್ಯೆಗೆ ಇದಕ್ಕಿಂತ ಉತ್ತಮವಾದ ಉಪಯೋಗವು ನಮಗೆ ತೋರುವುದಿಲ್ಲ.

ಅಲರ್ಜಿಯು ಯಾವ ಮನೆಯಲ್ಲಿ ಹುಟ್ಟಬೇಕೆಂಬುದನ್ನು ನಾವು ನಿರ್ಣಯಿಸಲಾರೆವು. ಅದು ಬಂಗಲೆಯಲ್ಲಿಯೂ ಹುಟ್ಟುವುದು, ಸಾಲುಮನೆಯಲ್ಲಿಯೂ ಹುಟ್ಟುವುದು. ಆದರೆ ಬಂಗಲೆಯ ಮಗು ಔಷಧ ಎಳೆದುಕೊಂಡು ನಿದ್ರಿಸುವಾಗ, ಸಾಲುಮನೆಯ ಮಗು ರಾತ್ರಿಯೆಲ್ಲ ಅಜ್ಜಿಯ ಮಡಿಲಲ್ಲಿ ಕುಳಿತು ಉಸಿರಿಗಾಗಿ ಹೆಣಗುವುದು ದೈವನಿರ್ಣಯವಲ್ಲ. ಅದು ಮನುಷ್ಯರು ಮಾಡಿದ ವ್ಯತ್ಯಾಸ, ಮನುಷ್ಯರಿಂದಲೇ ಅಳಿಯಬೇಕಾದುದು. ಈ ಕಾರ್ಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಮುಂದಾಗುವರೆಂದು ನಂಬಿ, ದೇವರು ಈ ಊರಿನ ಎಲ್ಲ ಮಕ್ಕಳಿಗೂ ಸರಾಗವಾದ ಉಸಿರನ್ನು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.